ಆರು ವಾರ ತಾಳಿ, ಆದರೆ ಕಣ್ಣು ಮುಚ್ಚಿಕೊಂಡಲ್ಲ

ಕೊಯಮತ್ತೂರಿನ ಶರವಣಂಪಟ್ಟಿ, ಕೀರಣತ್ತಂ, ವಿಲಾಂಕುರಿಚಿ, ಗಣಪತಿ ಕಡೆಯ ಕನ್ನಡ ಮನೆಗಳ ಅಪ್ಪ ಅಮ್ಮಂದಿರಿಗೆ, ಅಜ್ಜಿ ತಾತಂದಿರಿಗೆ,



ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ) ಇರುವ ಮಕ್ಕಳ ಮನೆಯವರು ಎಲ್ಲೇ ಸೇರಲಿ, ಅಪಾರ್ಟ್‌ಮೆಂಟಿನ ಲಿಫ್ಟಿನ ಮುಂದೋ ಆಸ್ಪತ್ರೆಯ ಬೆಂಚಿನ ಮೇಲೋ, ಅಟೊಮೊಕ್ಸೆಟಿನ್ ಎಂಬ ಔಷಧದ ವಿಷಯಕ್ಕೆ ಎರಡು ಮಾತು ಬಂದೇ ಬರುತ್ತವೆ. "ಇದು ಆ ಇನ್ನೊಂದು ಮಾತ್ರೆ ಥರ ಅಲ್ವಂತೆ ಕಣ್ರೀ, ಏನೂ ತೊಂದ್ರೆ ಇಲ್ವಂತೆ" ಅನ್ನುವುದು ಒಂದು. "ಹತ್ತು ದಿನ ಕೊಟ್ಟು ನೋಡಿದ್ವಿ, ಏನೂ ಗುಣ ಕಾಣ್ಲಿಲ್ಲ, ಬಿಟ್ಬಿಟ್ವಿ" ಅನ್ನುವುದು ಇನ್ನೊಂದು. ಒಂದು ಅತಿ ನಂಬಿಕೆ, ಒಂದು ಅತಿ ಅವಸರ. ಒಂದೇ ಮನೆಯಲ್ಲಿ ಒಂದೇ ತಿಂಗಳಲ್ಲಿ ಎರಡೂ ನಡೆಯುವುದನ್ನು ನೋಡಿ ನೋಡಿ ಈ ಪತ್ರ ಬರೆಯಲು ಕೂತಿದ್ದೇನೆ. ನಾನು ವೈದ್ಯಳಲ್ಲ. ಹತ್ತು ವರ್ಷದ ಮಗನಿಗೆ ಈ ಔಷಧ ಕೊಡುತ್ತಿರುವ ತಾಯಿ. ಡೋಸು ಎಷ್ಟು, ಯಾವಾಗ ಬದಲಿಸಬೇಕು ಎಂಬುದನ್ನು ನಿಮ್ಮ ಡಾಕ್ಟರು ಹೇಳಬೇಕು. ಡಾಕ್ಟರ ಕೋಣೆಯಿಂದ ಹೊರಗೆ ಬಂದ ಮೇಲೆ ಅಡುಗೆಮನೆಯಲ್ಲಿ, ಶಾಲೆಯ ಗೇಟಿನಲ್ಲಿ, ಊರಿನ ಜಾತ್ರೆಯಲ್ಲಿ ಏನೇನಾಗುತ್ತದೆ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ನಾವು ಎರಡು ಬಗೆಯ ಕನ್ನಡದವರು ಇಲ್ಲಿದ್ದೇವೆ. ತಲೆತಲಾಂತರದಿಂದ ಇಲ್ಲೇ ಮಗ್ಗ ಹೂಡಿದ ದೇವಾಂಗದವರು, ಹೊಲ ಮಾಡಿಕೊಂಡಿರುವ ಒಕ್ಕಲಿಗರು ಮೊದಲಿನವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಅಕ್ಷರವೆಲ್ಲ ತಮಿಳೇ. ಐಟಿ ಕಂಪನಿಗಳ ಹಿಂದೆ ಬೆಂಗಳೂರು, ಮೈಸೂರಿನಿಂದ ಬಂದು ಸತ್ಯಮಂಗಲಂ ರಸ್ತೆಯ ಎರಡೂ ಬದಿಯ ಅಪಾರ್ಟ್‌ಮೆಂಟುಗಳಲ್ಲಿ ನೆಲೆಸಿದವರು ಎರಡನೆಯವರು. ನಾನು ಎರಡನೆಯ ಗುಂಪಿಗೆ ಸೇರಿದವಳು. ಸೌಡೇಶ್ವರಿ ಅಮ್ಮನ ಹಬ್ಬದಲ್ಲಿ ಪರಸ್ಪರ ಸಿಗುವುದು ಬಿಟ್ಟರೆ ನಮ್ಮಿಬ್ಬರಿಗೆ ಅಷ್ಟಾಗಿ ಬಳಕೆಯಿಲ್ಲ. ಆದರೆ ಮಗು ತರಗತಿಯಲ್ಲಿ ಕೂರುವುದಿಲ್ಲ ಎಂಬ ದೂರು ಬಂದಾಗ ಎರಡೂ ಮನೆಗಳಲ್ಲಿ ಹೊರಡುವ ಮಾತು ಒಂದೇ: "ಇವರಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ." ಈ ಪತ್ರವನ್ನು ಕನ್ನಡ ಓದಲು ಬರದ ಹಿರಿಯರಿಗೆ ಯಾರಾದರೂ ಓದಿ ಹೇಳಿದರೆ ಉಪಕಾರವಾಗುತ್ತದೆ. ಅನೇಕ ಮನೆಗಳಲ್ಲಿ ಮಾತ್ರೆ ಕೊಡುವ ಕೈ ಅಜ್ಜಿಯದೇ.

ಇದು ಅಮೆರಿಕದಿಂದ ಬಂದ ಕಾಯಿಲೆ, ಮೊಬೈಲಿನಿಂದ ಬಂದ ಕಾಯಿಲೆ ಎನ್ನುವವರಿಗೆ ನಮ್ಮ ಜಿಲ್ಲೆಯ ಲೆಕ್ಕವನ್ನೇ ಕೊಡುತ್ತೇನೆ. ಕೊಯಮತ್ತೂರು ಜಿಲ್ಲೆಯ ನಾಲ್ಕು ಶಾಲೆಗಳಲ್ಲಿ 6ರಿಂದ 11 ವರ್ಷದ 770 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಪ್ರಕಟವಾಯಿತು. ಶೇ 11.32ರಷ್ಟು ಮಕ್ಕಳಲ್ಲಿ ಎಡಿಎಚ್‌ಡಿ ಕಂಡುಬಂದಿತ್ತು. ಬಡ ಮನೆಗಳ ಮಕ್ಕಳಲ್ಲಿ ಪ್ರಮಾಣ ಹೆಚ್ಚಿತ್ತು, ಮಧ್ಯಮ ವರ್ಗದಲ್ಲಿ ಕಡಿಮೆ. ಇಡೀ ದೇಶಕ್ಕೆ ಈ ಅಂಕಿಯನ್ನು ಹಿಗ್ಗಿಸುವುದು ಸರಿಯಲ್ಲ. ಆದರೂ ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಇಂಥ ನಾಲ್ಕು ಮಕ್ಕಳಿರಬಹುದು ಎಂದು ಅಂದಾಜಿಸಲು ಅದು ಸಾಕು. ಇನ್ನು ಮೊಬೈಲು: ಕೈಯಲ್ಲಿ ಮೊಬೈಲಿದ್ದರೆ ಮೂರು ಗಂಟೆ ಅಲ್ಲಾಡದೆ ಕೂರುತ್ತಾನಲ್ಲ, ಅವನಿಗೆಂಥ ಗಮನದ ತೊಂದರೆ ಎಂದು ಕೇಳುತ್ತಾರೆ. ಕ್ಷಣಕ್ಷಣಕ್ಕೂ ಹೊಸದು ಕೊಡುವುದರ ಮುಂದೆ ಯಾರ ಮಗುವಾದರೂ ಕೂರುತ್ತದೆ. ಬೇಸರದ ಕೆಲಸವನ್ನು ಹಿಡಿದು ಮುಗಿಸುವುದೇ ಇವರಿಗೆ ಕಷ್ಟ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ. ಆಗ ಯಾವ ಮನೆಯಲ್ಲಿ ಮೊಬೈಲಿತ್ತು?

ಈಗ ಔಷಧಕ್ಕೆ ಬರೋಣ.

ನಮ್ಮಲ್ಲಿ ಹೆಚ್ಚಿನವರು ಅಟೊಮೊಕ್ಸೆಟಿನ್‌ಗೆ ಬಂದದ್ದು ಹೇಗೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಎಡಿಎಚ್‌ಡಿಗೆ ಜಗತ್ತಿನಲ್ಲಿ ಮೊದಲು ಬರೆಯುವ ಔಷಧ ಮಿಥೈಲ್‌ಫೆನಿಡೇಟ್. ಅದು ಉತ್ತೇಜಕಗಳ ಗುಂಪಿನದು. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಶಾಲಾ ವಯಸ್ಸಿನ ಮಕ್ಕಳಿಗೆ ಮೊದಲು ಅದನ್ನೇ ಹೇಳುತ್ತದೆ. ಅದು ಒಗ್ಗದಿದ್ದರೆ, ಫಲ ಕೊಡದಿದ್ದರೆ ಅಟೊಮೊಕ್ಸೆಟಿನ್‌ನಂಥವುಗಳ ಸರದಿ. ಅದೇ ವರ್ಷ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂದ, 133 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೂ ಮಕ್ಕಳ ಮಟ್ಟಿಗೆ ಮಿಥೈಲ್‌ಫೆನಿಡೇಟನ್ನೇ ಮೊದಲ ಆಯ್ಕೆ ಎಂದಿತು. ನಮ್ಮಲ್ಲಿ ಸರದಿ ತಿರುಗುಮುರುಗಾಗಿದೆ. ಮಿಥೈಲ್‌ಫೆನಿಡೇಟ್ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ, ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್‌ನಲ್ಲೂ ಇದೆ. ಮಾರಲು ಅಂಗಡಿಗೆ ಬೇರೆ ಲೈಸೆನ್ಸ್ ಬೇಕು. ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಜೋಪಾನ ಮಾಡಬೇಕು. ಈ ರಗಳೆಗೆ ಹೆದರಿ ಬಹಳ ಅಂಗಡಿಗಳು ಅದನ್ನು ಇಡುವುದೇ ಇಲ್ಲ. ಮಗುವಿನ ಚೀಟಿ ಹಿಡಿದು ಗಾಂಧಿಪುರದವರೆಗೂ ಅಂಗಡಿ ಅಂಗಡಿ ಅಲೆದು, ಕೌಂಟರಿನಲ್ಲಿ ನಿಂತವರು ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡುವುದನ್ನು ಸಹಿಸಿಕೊಂಡವರಿಗೆ ನಾನು ಹೇಳುವುದು ಗೊತ್ತಿದೆ. ಅಟೊಮೊಕ್ಸೆಟಿನ್‌ಗೆ ಅಷ್ಟೆಲ್ಲ ಇಲ್ಲ. ಸಾಮಾನ್ಯ ಚೀಟಿ ಸಾಕು. ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಇವತ್ತಿಲ್ಲದಿದ್ದರೂ ನಾಳೆ ತರಿಸಿಕೊಡುತ್ತಾರೆ.

ಹೀಗೆ ಸುಲಭವಾಗಿ ಸಿಗುವುದೇ "ಇದು ಸೌಮ್ಯ" ಎಂಬ ನಂಬಿಕೆಗೆ ದಾರಿಯಾಗಿದೆ. ನನ್ನ ತಕರಾರು ಇರುವುದು ಇಲ್ಲಿಯೇ. ಅಟೊಮೊಕ್ಸೆಟಿನ್ ಆರಿಸಲು ಒಳ್ಳೆಯ ಕಾರಣಗಳಿವೆ. ಮಗುವಿಗೆ ಕಣ್ಣು ಮಿಟುಕಿಸುವ, ಕತ್ತು ಕುಣಿಸುವ ಟಿಕ್ಸ್ ಇದ್ದರೆ, ಆತಂಕ ಜಾಸ್ತಿಯಿದ್ದರೆ, ಮಿಥೈಲ್‌ಫೆನಿಡೇಟ್‌ನಿಂದ ನಿದ್ದೆಯೋ ಊಟವೋ ತೀರಾ ಕೆಟ್ಟಿದ್ದರೆ, ಶಾಲೆ ಮುಗಿದ ಮೇಲಿನ ಸಂಜೆಗೂ ಪರಿಣಾಮ ಬೇಕಿದ್ದರೆ ಡಾಕ್ಟರು ಇದನ್ನು ಬರೆಯುತ್ತಾರೆ. ನನ್ನ ಮಗನಿಗೆ ಟಿಕ್ಸ್ ಇದೆ. ನಮಗೆ ಇದನ್ನು ಬರೆದದ್ದು ಅದಕ್ಕೆ. ಆದರೆ "ಅಂಗಡಿಯಲ್ಲಿ ಸಿಗುತ್ತದೆ", "ನೆಂಟರಿಗೆ ಹೇಳಲು ಮುಜುಗರವಿಲ್ಲ" ಇವು ಮಗುವಿನ ಕಾರಣಗಳಲ್ಲ, ನಮ್ಮ ಕಾರಣಗಳು. ನಿಮ್ಮ ಮಗುವಿಗೆ ಇದನ್ನೇ ಯಾಕೆ ಬರೆದರು ಎಂದು ಡಾಕ್ಟರನ್ನು ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಡಾಕ್ಟರು ನನಗಂತೂ ಇದುವರೆಗೆ ಸಿಕ್ಕಿಲ್ಲ. ಗಡಿಬಿಡಿಯಲ್ಲಿರುವವರು ಬೇಕಾದಷ್ಟು ಸಿಕ್ಕಿದ್ದಾರೆ.

ಈ ಔಷಧದ ಜಾತಕ ಸ್ವಲ್ಪ ಹೇಳುತ್ತೇನೆ. ಎಲಿ ಲಿಲಿ ಎಂಬ ಅಮೆರಿಕದ ಕಂಪನಿ ಇದನ್ನು ಮೊದಲು ಖಿನ್ನತೆಗೆಂದು ಪರೀಕ್ಷಿಸಿತ್ತು. ಅಲ್ಲಿ ಅದು ನಿಲ್ಲಲಿಲ್ಲ. 2002ರ ನವೆಂಬರಿನಲ್ಲಿ ಎಡಿಎಚ್‌ಡಿಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಉತ್ತೇಜಕವಲ್ಲದ ಔಷಧಕ್ಕೆ ಆ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು. ಮಿದುಳಿನಲ್ಲಿ ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕವನ್ನು ನರಕೋಶಗಳು ಬೇಗ ಹಿಂದಕ್ಕೆ ಎಳೆದುಕೊಳ್ಳದಂತೆ ಇದು ತಡೆಯುತ್ತದೆ. ಮಿಥೈಲ್‌ಫೆನಿಡೇಟ್ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರುವಾಗಿ ಸಂಜೆಯೊಳಗೆ ಇಳಿಯುತ್ತದೆ. ಇದು ಹಾಗಲ್ಲ. ಇವತ್ತಿನ ಕ್ಯಾಪ್ಸೂಲಿಗೆ ಇವತ್ತಿನ ಫಲವಿಲ್ಲ. ಸರಿಯಾದ ಡೋಸಿಗೆ ಬಂದ ಮೇಲೆ ಆರು ವಾರವಾದರೂ ಬೇಕು, ಕೆಲವರಲ್ಲಿ ಹನ್ನೆರಡು ವಾರ. ಡೋಸು ನಿಂತಿರುವುದು ಮಗುವಿನ ತೂಕದ ಮೇಲೆ. ಕಿಲೋಗೆ ಸುಮಾರು ಅರ್ಧ ಮಿಲಿಗ್ರಾಂನಿಂದ ಹಿಡಿದು 1.2 ಮಿಲಿಗ್ರಾಂ ಸುತ್ತಮುತ್ತಲಿಗೆ ಏರಿಸುತ್ತಾರೆ. ಹತ್ತು ದಿನಕ್ಕೆ ಬಿಟ್ಟವರು ಎಷ್ಟೋ ಸಲ ಮೊದಲ ಸಣ್ಣ ಡೋಸಿನಲ್ಲೇ ಇರುತ್ತಾರೆ. ಅವರು ಔಷಧವನ್ನು ಪರೀಕ್ಷಿಸಿಯೇ ಇಲ್ಲ.

ಸಂಕಟ ಏನೆಂದರೆ, ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ. ಮೊದಲ ವಾರಗಳು ಹೇಗಿರುತ್ತವೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಮನೆಗಳು ಬಿಡುವುದಿಲ್ಲ. ನಮ್ಮನೆ ಕಥೆ ಹೀಗಿತ್ತು. ಶಾಲೆಯ ವ್ಯಾನು ಬೆಳಿಗ್ಗೆ ಏಳೂವರೆಗೆ. ಆರೂಮುಕ್ಕಾಲಿಗೆ ಎದ್ದ ಹುಡುಗ ಅರ್ಧ ಗ್ಲಾಸು ಹಾಲು ಕುಡಿದು ಕ್ಯಾಪ್ಸೂಲು ನುಂಗಿದರೆ ವ್ಯಾನು ಬರುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಬಾಗುತ್ತಿದ್ದ. ಒಂದೆರಡು ದಿನ ವಾಂತಿಯೂ ಆಯಿತು. ಡಾಕ್ಟರಿಗೆ ಫೋನು ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ತಿಂಡಿ ಏನು ತಿಂದಿದ್ದ?" ಅಂದಿನಿಂದ ಎರಡು ದೋಸೆಯೋ ಇಡ್ಲಿಯೋ ಪೂರ್ತಿ ಹೊಟ್ಟೆಗೆ ಹೋದ ಮೇಲೆಯೇ ಮಾತ್ರೆ. ದೋಸೆಗೆ ತುಪ್ಪ, ಪಕ್ಕದಲ್ಲಿ ಕಡಲೆಕಾಯಿ ಚಟ್ನಿ. ಹೊಟ್ಟೆನೋವು ಅಲ್ಲಿಗೆ ಮುಕ್ಕಾಲು ಪಾಲು ಇಳಿಯಿತು. ಆಮೇಲೆ ಬಂದದ್ದು ತೂಕಡಿಕೆ. ಎರಡನೇ ಪೀರಿಯಡ್ಡಿನಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಾನೆ ಎಂದು ಟೀಚರು ಡೈರಿಯಲ್ಲಿ ಬರೆದು ಕಳಿಸಿದರು. ಆಗ ಡಾಕ್ಟರು ಕ್ಯಾಪ್ಸೂಲನ್ನು ರಾತ್ರಿ ಊಟದ ನಂತರಕ್ಕೆ ಬದಲಿಸಿದರು. ತರಗತಿಯಲ್ಲಿ ಕೂರದ ಹುಡುಗ ಈಗ ಮಲಗುತ್ತಿದ್ದಾನೆ, ಸದ್ಯ, ಗಲಾಟೆಯಾದರೂ ಇಲ್ಲ ಎಂಬ ಸಮಾಧಾನ ಆ ಟೀಚರಿನ ಬರವಣಿಗೆಯಲ್ಲಿ ನನಗೆ ಕಂಡಿತು. ಮಂಕಾಗಿರುವುದು ಗುಣವಲ್ಲ. ಮಗು ಸುಮ್ಮನಾದರೆ ಸಾಕು ಎಂದುಕೊಂಡು ಔಷಧ ಕೊಡುವುದಾದರೆ ಕೊಡದಿರುವುದೇ ವಾಸಿ.

ಅಜ್ಜಿಯರಿಗೆ ಇಲ್ಲೊಂದು ಮಾತು. ಕ್ಯಾಪ್ಸೂಲು ನುಂಗಲು ಮಗು ಹಟ ಮಾಡಿದರೆ ಬಿಚ್ಚಿ ಪುಡಿಯನ್ನು ಜೇನುತುಪ್ಪಕ್ಕೋ ಮೊಸರಿಗೋ ಬೆರೆಸುವುದು ನಮ್ಮ ಕೈಗೆ ರೂಢಿ. ಈ ಔಷಧಕ್ಕೆ ಅದು ಕೂಡದು. ಒಳಗಿನ ಪುಡಿ ಕಣ್ಣಿಗೆ ತಗುಲಿದರೆ ಉರಿ, ಕೆರಳಿಕೆ. ಬಿಚ್ಚಿದ ಕೈಯಲ್ಲೇ ಮಗು ಕಣ್ಣುಜ್ಜಿಕೊಂಡರೆ ಆಗುವುದು ಅದೇ. ಇಡಿಯಾಗಿಯೇ ನುಂಗಿಸಬೇಕು. ಮೊದಲು ಅನ್ನದ ಉಂಡೆಯನ್ನು ಅಗಿಯದೆ ನುಂಗಿಸಿ ಅಭ್ಯಾಸ ಮಾಡಿಸಿದ ಅಜ್ಜಿಯೊಬ್ಬರು ನಮ್ಮ ಬ್ಲಾಕಿನಲ್ಲಿದ್ದಾರೆ. ಎಂಟು ವರ್ಷದ ಮೊಮ್ಮಗಳು ಈಗ ನೀರಿಲ್ಲದೆಯೂ ನುಂಗುತ್ತೇನೆಂದು ಜಂಬ ಕೊಚ್ಚುತ್ತಾಳಂತೆ. ವಲ್ಲಾರೈ ಸೊಪ್ಪಿನ, ಅಂದರೆ ನಮ್ಮ ಒಂದೆಲಗದ, ಚಟ್ನಿಯನ್ನು ನೀವು ಧಾರಾಳವಾಗಿ ಮಾಡಿಕೊಡಿ, ರುಚಿಯೂ ಇರುತ್ತದೆ. ಕ್ಯಾಪ್ಸೂಲಿನ ಬದಲಿಗೆ ಮಾತ್ರ ಬೇಡ.

ಹಾಗಾದರೆ ಗುಣ ಬಂದರೆ ಹೇಗೆ ಕಾಣುತ್ತದೆ? ಸಿನಿಮಾದಲ್ಲಿ ತೋರಿಸುವ ಹಾಗೆ ಕಾಣುವುದಿಲ್ಲ. ಒಂದು ಬೆಳಿಗ್ಗೆ ಎದ್ದು ಮಗು ಪುಸ್ತಕ ಹಿಡಿದು ಕೂರುವುದಿಲ್ಲ. ನಮ್ಮಲ್ಲಿ ಮೊದಲು ಕಂಡದ್ದು ಚಪ್ಪಲಿ. ಐದನೇ ವಾರವೋ ಆರನೇ ವಾರವೋ, ಹೇಳಿಸಿಕೊಳ್ಳದೆ ಎರಡೂ ಕಾಲಿನ ಚಪ್ಪಲಿ ಒಂದೇ ಕಡೆ ಬಿಟ್ಟಿದ್ದ. ಆಮೇಲೆ, ತಂಗಿ ಅವನ ಬಣ್ಣದ ಪೆನ್ಸಿಲು ಎತ್ತಿಕೊಂಡಾಗ ಕೈಯೆತ್ತಿದವನು ಹೊಡೆಯದೆ ಕೈ ಇಳಿಸಿದ. ಸ್ಪೀಡು ಕಡಿಮೆಯಾಗಿರಲಿಲ್ಲ, ತೋಚಿದ್ದಕ್ಕೂ ಮಾಡಿದ್ದಕ್ಕೂ ನಡುವೆ ಒಂದು ಚೂರು ಜಾಗ ಹುಟ್ಟಿತ್ತು. ಕೀರಣತ್ತಂನ ತಂದೆಯೊಬ್ಬರು, "ಮಾರ್ಕ್ಸ್ ಏನೂ ಏರ್ಲಿಲ್ಲ, ಆದ್ರೆ ಜಾಮಿಟ್ರಿ ಬಾಕ್ಸ್ ಕಳೆಯೋದು ನಿಂತೋಯ್ತು" ಎಂದರು. ಮನೆಯಲ್ಲಿ ಕನ್ನಡ, ತಮಿಳು ಬೆರೆಸಿ ಮಾತಾಡುವ ನೇಯ್ಗೆ ಮನೆಯ ತಾಯಿಯೊಬ್ಬರಿಗೆ ಕಂಡದ್ದೇ ಬೇರೆ: ಮಗಳು ಮಾತಿನ ನಡುವೆ ಬಾಯಿ ಹಾಕುವುದು ಕಡಿಮೆಯಾಯಿತು, ಹಟ್ಟಿಯ ಬೇರೆ ಹೆಣ್ಣುಮಕ್ಕಳು ಆಟಕ್ಕೆ ಕರೆಯತೊಡಗಿದರು. ಇನ್ನೊಂದು ಮನೆಯಲ್ಲಿ ಮೂರು ತಿಂಗಳಾದರೂ ಏನೂ ಆಗಲಿಲ್ಲ, ಸಿಡುಕು ಮಾತ್ರ ಹೆಚ್ಚಾಯಿತು. ಅವರು ನಿಲ್ಲಿಸಿದರು. ಅದೂ ಸರಿಯಾದ ತೀರ್ಮಾನವೇ.

ಇವು ಕಣ್ಣಿಗೆ ಬೀಳಬೇಕಾದರೆ ಬರೆದಿಡಬೇಕು. ಹಳೆಯ ಡೈರಿಯೊಂದು ಸಾಕು. ಔಷಧ ಶುರು ಮಾಡುವ ಮುಂಚೆಯೇ ಮೂರ್ನಾಲ್ಕು ಸಂಗತಿ ಆರಿಸಿಕೊಳ್ಳಿ: ಹೋಮ್‌ವರ್ಕಿಗೆ ಹಿಡಿಯುವ ಹೊತ್ತು, ಜಗಳ, ನಿದ್ದೆ, ಊಟ. ವಾರಕ್ಕೊಮ್ಮೆ ಒಂದು ಸಾಲು. ಟೀಚರಿಂದಲೂ ಒಂದು ಸಾಲು ಕೇಳಿ, ಯಾಕೆಂದರೆ ಮನೆಯೊಂದರಲ್ಲೇ ಕಾಣುವ ತೊಂದರೆಯನ್ನು ಎಡಿಎಚ್‌ಡಿ ಎನ್ನುವುದಿಲ್ಲ. ಎರಡು ಕಡೆಯಾದರೂ ಕಾಣಬೇಕು, ಹನ್ನೆರಡು ವರ್ಷದೊಳಗೆ ಲಕ್ಷಣಗಳು ಶುರುವಾಗಿರಬೇಕು. ಹಾಗೆಯೇ ಗುಣವನ್ನೂ ಎರಡು ಕಡೆ ಹುಡುಕಬೇಕು. ತೂಕ, ಎತ್ತರ, ನಾಡಿ, ಬಿಪಿ ನೋಡದೆ ಚೀಟಿ ಮುಂದುವರಿಸುತ್ತಿದ್ದರೆ ನೀವಾಗಿಯೇ ನೆನಪಿಸಿ. ಈ ಔಷಧ ನಾಡಿ ಬಡಿತವನ್ನೂ ಬಿಪಿಯನ್ನೂ ಸ್ವಲ್ಪ ಏರಿಸಬಲ್ಲದು. ವೀಸಿಂಗ್‌ಗೆ ಸಾಲ್‌ಬ್ಯುಟಮಾಲ್ ತೆಗೆದುಕೊಳ್ಳುವ ಮಗುವಾದರೆ ಅದನ್ನು ಮರೆಯದೆ ಹೇಳಿ. ಎರಡೂ ಸೇರಿದಾಗ ಎದೆಬಡಿತ ಇನ್ನಷ್ಟು ಏರಬಹುದು. ಕೊಯಮತ್ತೂರಿನಲ್ಲಿ ಗಾಳಿಕಾಲ ಬಂತೆಂದರೆ ವೀಸಿಂಗ್ ಮಕ್ಕಳಿಗೇನು ಕಡಿಮೆಯೇ? ಒಂದೇ ತೂಕದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಅತಿಯಾದ ತೊಂದರೆ ಬರುವುದೂ ಉಂಟು. ಪಿತ್ತಜನಕಾಂಗದಲ್ಲಿ ಇದನ್ನು ಕರಗಿಸುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಮಂದ. ಸಾಮಾನ್ಯರಲ್ಲಿ ಸುಮಾರು ಐದು ಗಂಟೆಗೆ ಅರ್ಧವಾಗುವ ಔಷಧ ಅವರಲ್ಲಿ ಇಪ್ಪತ್ತು ಗಂಟೆ ಮೀರಿ ಉಳಿಯುತ್ತದೆ. "ಪಕ್ಕದ ಮನೆ ಹುಡುಗನಿಗೆ 25 ಕೊಟ್ಟರೆ ಏನೂ ಆಗಿಲ್ಲ" ಎಂಬ ಹೋಲಿಕೆಗೆ ಬೆಲೆಯಿಲ್ಲ ಅನ್ನುವುದು ಇದಕ್ಕೇ.

ಈಗ ಕೇಳಲು ಕಷ್ಟವಾದ ಭಾಗ. ಚಿಕ್ಕ ಅಕ್ಷರದ ಕಾಗದವನ್ನು ಓದಿ ರಾತ್ರಿಯೆಲ್ಲ ನಿದ್ದೆಗೆಟ್ಟ ಅಮ್ಮಂದಿರು ನನಗೆ ಗೊತ್ತು. 2005ರ ಸೆಪ್ಟೆಂಬರಿನಲ್ಲಿ ಎಫ್‌ಡಿಎ ಈ ಔಷಧದ ಮೇಲೆ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿತು. ಮಕ್ಕಳಲ್ಲಿ ಸಾಯುವ ಯೋಚನೆ ಬರುವುದಕ್ಕೆ ಸಂಬಂಧಿಸಿದ್ದು ಅದು. 12 ಪ್ರಯೋಗಗಳು, 2200ಕ್ಕೂ ಹೆಚ್ಚು ಮಕ್ಕಳು. ಔಷಧ ತೆಗೆದುಕೊಂಡವರಲ್ಲಿ ಸಾವಿರಕ್ಕೆ ನಾಲ್ವರಲ್ಲಿ ಅಂಥ ಯೋಚನೆ ಕಂಡಿತ್ತು, ಔಷಧವಿಲ್ಲದ ಬರೀ ಗುಳಿಗೆ ತೆಗೆದುಕೊಂಡವರಲ್ಲಿ ಒಬ್ಬರಲ್ಲೂ ಇಲ್ಲ. ಯಾರೂ ಸಾಯಲಿಲ್ಲ. ಸಾವಿರಕ್ಕೆ ನಾಲ್ಕು ಎಂಬುದು ಔಷಧ ಬಿಡಲು ಕಾರಣವಲ್ಲ, ಆದರೆ ಮೊದಲ ತಿಂಗಳುಗಳಲ್ಲೂ ಡೋಸು ಬದಲಿಸಿದಾಗಲೂ ಮಗುವಿನ ಜೊತೆ ಮಾತು ಬಿಡದಿರಲು ಕಾರಣ. "ನಾನಿಲ್ಲದಿದ್ದರೇ ಒಳ್ಳೆಯದು" ಎಂದು ಮಗು ಅಂದರೆ, ಇದ್ದಕ್ಕಿದ್ದಂತೆ ಮೂಲೆ ಹಿಡಿದರೆ, ಹಿಂದೆಂದೂ ಇಲ್ಲದ ಸಿಟ್ಟು ಬಂದರೆ ಅದನ್ನು ತುಂಟತನದ ಪಟ್ಟಿಗೆ ಸೇರಿಸಬೇಡಿ. ಅದೇ ದಿನ ಡಾಕ್ಟರಿಗೆ ತಿಳಿಸಿ.

ಪಿತ್ತಜನಕಾಂಗಕ್ಕೆ ಪೆಟ್ಟು ಬೀಳುವುದು ತೀರಾ ಅಪರೂಪ, ಆದರೆ ಆಗಿದೆ. 2004ರ ಡಿಸೆಂಬರಿನಲ್ಲೇ ಆ ಎಚ್ಚರಿಕೆ ಸೇರಿತು. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮೈ ತುರಿಕೆ, ಹೊಟ್ಟೆಯ ಬಲಗಡೆ ಮೇಲೆ ನೋವು, ಇವು ಅದರ ಗುರುತು. ನಮ್ಮ ಕಡೆ ಕಾಮಾಲೆ ಎಂದರೆ ಆಸ್ಪತ್ರೆಗಿಂತ ಮೊದಲು ನೆನಪಾಗುವುದು ಕೀಳಾನೆಲ್ಲಿ ಅಂದರೆ ನೆಲನೆಲ್ಲಿಯ ರಸ, ಪಥ್ಯ, ಯಾವುದೋ ಊರಿನ ನಾಟಿ ಮದ್ದು. ಈ ಔಷಧದಲ್ಲಿರುವ ಮಗುವಿಗೆ ಹಾಗೆ ಮಾಡುತ್ತ ಒಂದು ವಾರ ಕಳೆಯಬೇಡಿ. ಕ್ಯಾಪ್ಸೂಲು ನಿಲ್ಲಿಸಿ, ನೇರ ಆಸ್ಪತ್ರೆಗೆ ಹೋಗಿ, ಚೀಟಿ ತೋರಿಸಿ.

ಕ್ಲೋನಿಡಿನ್ ಕೊಡುತ್ತಿರುವ ಮನೆಗಳೂ ನಮ್ಮಲ್ಲಿವೆ. ಇದು ಹಳೆಯ ಬಿಪಿ ಮಾತ್ರೆ. ಇದರ ನಿಧಾನವಾಗಿ ಬಿಡುವ ರೂಪಕ್ಕೆ ಅಮೆರಿಕದಲ್ಲಿ 2010ರಲ್ಲಿ ಎಡಿಎಚ್‌ಡಿಗೆಂದು ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಸಿಡಿಮಿಡಿ, ನಿದ್ದೆಗೇಡು, ಟಿಕ್ಸ್ ಇರುವ ಮಕ್ಕಳಿಗೆ ಸಣ್ಣ ಡೋಸಿನಲ್ಲಿ ಬರೆಯುತ್ತಾರೆ. "ತಾತನ ಬಿಪಿ ಮಾತ್ರೆಯನ್ನ ಮಗೂಗೆ ಯಾಕೆ ಕೊಟ್ರು?" ಎಂದು ಗಾಬರಿಯಾಗುವುದು ಬೇಡ. ಗಾಬರಿಯಾಗಬೇಕಾದದ್ದು ಬೇರೆಯದಕ್ಕೆ. ಅಟೊಮೊಕ್ಸೆಟಿನ್ ಒಂದು ದಿನ ಮರೆತರೆ ಆಕಾಶ ಬೀಳುವುದಿಲ್ಲ, ನಿಲ್ಲಿಸಬೇಕಾದಾಗ ಒಮ್ಮೆಗೇ ನಿಲ್ಲಿಸಬಹುದು. ಕ್ಲೋನಿಡಿನ್ ಹಾಗಲ್ಲ, ತಟ್ಟನೆ ನಿಲ್ಲಿಸಿದರೆ ಬಿಪಿ ನೆಗೆಯುತ್ತದೆ. ಬೇಸಿಗೆ ರಜೆಗೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ ಚಾಮರಾಜನಗರ, ಕೊಳ್ಳೇಗಾಲದ ಕಡೆ ಊರಿಗೆ ಹೊರಡುವಾಗ ಮಾತ್ರೆಯ ಪಟ್ಟಿ ಮೇಜಿನ ಮೇಲೆಯೇ ಉಳಿದುಬಿಡುತ್ತದೆ. ಬಟ್ಟೆ ಚೀಲದಲ್ಲಿ ಒಂದು, ಕೈಚೀಲದಲ್ಲಿ ಒಂದು ಪಟ್ಟಿ ಇಡಿ. ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. "ರಜೆ ತಾನೆ, ಮಾತ್ರೆಗೂ ರಜೆ" ಎಂಬ ತೀರ್ಮಾನ ಮನೆಯಲ್ಲಿ ಕೂತು ಮಾಡುವಂಥದ್ದಲ್ಲ.

ಭಾಷೆಯ ವಿಷಯ ಹೇಳದಿದ್ದರೆ ಈ ಪತ್ರ ನಮ್ಮದಾಗುವುದಿಲ್ಲ. ಮನೆಯಲ್ಲಿ ಕನ್ನಡ, ಹೊರಗೆ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಮಗು ಗಲಿಬಿಲಿಯಾಗಿದೆ, ಮನೆಯಲ್ಲಿ ಕನ್ನಡ ಬಿಟ್ಟುಬಿಡಿ, ಎಲ್ಲ ಸರಿಹೋಗುತ್ತದೆ ಎಂದು ನಮ್ಮಲ್ಲಿ ಬಹಳ ಜನರಿಗೆ ಶಾಲೆಯಲ್ಲಿ ಹೇಳಿದ್ದಾರೆ. ಎರಡು ಮೂರು ಭಾಷೆಯಲ್ಲಿ ಬೆಳೆಯುವುದರಿಂದ ಎಡಿಎಚ್‌ಡಿ ಬರುವುದಿಲ್ಲ. ಬಂದಿದ್ದರೆ ಈ ಊರಿನ ದೇವಾಂಗದ ಮನೆಗಳಲ್ಲಿ ತಲೆಮಾರುಗಟ್ಟಲೆ ಯಾರೂ ಒಂದು ಸೀರೆ ನೆಯ್ದು ಮುಗಿಸುತ್ತಿರಲಿಲ್ಲ. ಕನ್ನಡ ಬಿಟ್ಟರೆ ಮಗುವಿಗೆ ಅಜ್ಜಿಯ ಮಾತು ತಪ್ಪುತ್ತದೆ, ಗಮನವೇನೂ ಹೆಚ್ಚುವುದಿಲ್ಲ. ಆದರೆ ಇಲ್ಲಿ ನಿಜವಾದ ತೊಡಕೊಂದಿದೆ. ಡಾಕ್ಟರು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಕೇಳುತ್ತಾರೆ, ಅಪ್ಪ ಉತ್ತರಿಸುತ್ತಾನೆ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವ, ಹೆಚ್ಚು ಗೊತ್ತಿರುವ ಅಜ್ಜಿ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾಳೆ. ಅವಳನ್ನು ಒಳಗೆ ಕರೆದುಕೊಂಡು ಹೋಗಿ. ಅವಳು ಕನ್ನಡದಲ್ಲಿ ಹೇಳಲಿ, ನೀವು ತಮಿಳಿನಲ್ಲಿ ತಿಳಿಸಿ.

ಔಷಧವೊಂದೇ ಸಾಕೇ ಎಂದು ಕೇಳುವವರಿಗೆ: ಸಾಲದು. ಹೋಮ್‌ವರ್ಕನ್ನು ತುಂಡು ಮಾಡಿ ಕೊಡುವುದು, ಬೆಳಗಿನ ಕೆಲಸಗಳನ್ನು ಗೋಡೆಗೆ ಅಂಟಿಸುವುದು, ಮುಂದಿನ ಬೆಂಚಿನಲ್ಲಿ ಕೂರಿಸುವುದು, ಅಪ್ಪ ಅಮ್ಮ ತರಬೇತಿ ಪಡೆಯುವುದು ಎಲ್ಲವೂ ಬೇಕು. ಇವು ನಿಮಗೆ ಗೊತ್ತಿರುವವೇ, ಬೆಳೆಸುವುದಿಲ್ಲ.

ಆರು ವಾರ, ಹನ್ನೆರಡು ವಾರ ಕಾದರೂ ಫಲ ಬಾರದಿದ್ದರೆ? ಆಗ ಸೋತೆವು ಎಂದುಕೊಳ್ಳಬೇಡಿ. 2008ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 516 ಮಕ್ಕಳಿಗೆ ಆರು ವಾರ ಅಟೊಮೊಕ್ಸೆಟಿನ್, ಇಲ್ಲವೇ ದಿನವಿಡೀ ಕೆಲಸ ಮಾಡುವ ಮಿಥೈಲ್‌ಫೆನಿಡೇಟ್, ಇಲ್ಲವೇ ಬರೀ ಗುಳಿಗೆ ಕೊಟ್ಟು ನೋಡಿದರು. ಗುಣ ಕಂಡದ್ದು ಶೇ 45, ಶೇ 56, ಶೇ 24 ಮಕ್ಕಳಲ್ಲಿ. ಅಂದರೆ ಮಿಥೈಲ್‌ಫೆನಿಡೇಟ್ ಮುಂದು, ಅಟೊಮೊಕ್ಸೆಟಿನ್ ಹಿಂದು, ಆದರೆ ಬರೀ ಗುಳಿಗೆಗಿಂತ ಬಹಳ ಮುಂದು. ನನಗೆ ಹೆಚ್ಚು ಉಪಯೋಗವೆನಿಸಿದ್ದು ಮುಂದಿನ ಭಾಗ: ಮಿಥೈಲ್‌ಫೆನಿಡೇಟ್‌ಗೆ ಜಗ್ಗದ ಮಕ್ಕಳಿಗೆ ಆಮೇಲೆ ಅಟೊಮೊಕ್ಸೆಟಿನ್ ಕೊಟ್ಟಾಗ ಅವರಲ್ಲಿ ಶೇ 43ರಷ್ಟು ಮಕ್ಕಳು ಸುಧಾರಿಸಿದರು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಬಹುದು. ಆದ್ದರಿಂದ "ನೀವು ಏನಾದರೂ ಬರೆಯಿರಿ ಡಾಕ್ಟ್ರೇ, ಆ ಶೆಡ್ಯೂಲಿನ ಮಾತ್ರೆ ಮಾತ್ರ ಬೇಡ" ಎಂದು ಮೊದಲೇ ಬಾಗಿಲು ಹಾಕಿಬಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಅವರ ನಿಗಾದಲ್ಲಿ ಕೊಟ್ಟರೆ ಆ ಮಾತ್ರೆ ಮಗುವನ್ನು ಚಟಕ್ಕೆ ಬೀಳಿಸುವುದಿಲ್ಲ. ಕಾನೂನಿನ ಬೀಗ ಇರುವುದು ದುರುಪಯೋಗ ಮಾಡುವವರಿಗಾಗಿ, ನಿಮ್ಮ ಮೂರನೇ ಕ್ಲಾಸಿನ ಮಗನಿಗಾಗಿ ಅಲ್ಲ.

ಹಣದ ಮಾತು. ನಮ್ಮಂಥ ಸಂಬಳದವರು ಖಾಸಗಿ ಆಸ್ಪತ್ರೆಗೆ ಓಡುತ್ತೇವೆ. ಮಗ್ಗದ ಮನೆ, ತಿರುಪ್ಪೂರಿನ ಬನಿಯನ್ ಕಂಪನಿಯ ಶಿಫ್ಟಿನ ಮನೆ ಹಾಗೆ ಓಡಲಾಗದು. ಸರ್ಕಾರಿ ಶಾಲೆ, ಅಂಗನವಾಡಿಯ ಮಕ್ಕಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಶಾಲೆಗೇ ಬರುವ ಆ ತಂಡ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ; ಅಲ್ಲಿಂದ ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು. ತಂಡ ಬಂದ ದಿನ ಹಲ್ಲು ಕಣ್ಣು ಮಾತ್ರ ನೋಡಿ ಹೋಗಲು ಬಿಡಬೇಡಿ, ಟೀಚರಿಂದ ಹೇಳಿಸಿ. ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದ ಬಾಗಿಲು ಎಲ್ಲರಿಗೂ ತೆರೆದಿದೆ. ಬೆಂಗಳೂರಿಗೆ ಹೋಗಿಬರುವವರಿಗೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಉಂಟು. ಫೋನಿನಲ್ಲೇ ಮಾತಾಡಬೇಕೆನಿಸಿದರೆ 14416, ಟೆಲಿಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು. ಒಂದು ಕೊರತೆ ಮಾತ್ರ ಹಾಗೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಹೆಸರುಗಳಲ್ಲಿ ಕಲಿಕೆಯ ನ್ಯೂನತೆ ಇದೆ, ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಲು ಹೋದ ನಮ್ಮಲ್ಲಿ ಕೆಲವರು ಬರಿಗೈಯಲ್ಲಿ ಬಂದದ್ದು ಇದರಿಂದಲೇ. ಇದಕ್ಕೆ ಇನ್ನೊಂದು ಪತ್ರ ಬೇಕು, ಅದನ್ನು ಸರ್ಕಾರಕ್ಕೆ ಬರೆಯಬೇಕು, ಎಲ್ಲರೂ ಸೇರಿ ಸಹಿ ಹಾಕಬೇಕು.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಮಾತ್ರೆಯ ಬಗ್ಗೆ ಡಾಕ್ಟರು, ಟೀಚರು, ಅತ್ತೆ, ಪಕ್ಕದ ಮನೆಯವರು ಎಲ್ಲರನ್ನೂ ಕೇಳುತ್ತೇವೆ, ನುಂಗುವವರನ್ನು ಕೇಳುವುದು ಕಡಿಮೆ. ನನ್ನ ಮಗನನ್ನು ಕೇಳಿದಾಗ, "ಹೊಟ್ಟೆ ನೋವು ಬಂದ್ರೆ ಬೇಡ, ಇಲ್ದಿದ್ರೆ ಪರ್ವಾಗಿಲ್ಲ, ಮಿಸ್ ಹೇಳಿದ್ದು ಪೂರ್ತಿ ಕೇಳ್ಸತ್ತೆ" ಎಂದ. ಡಾಕ್ಟರು ಆ ಮಾತನ್ನು ಹಾಗೆಯೇ ಕೇಸ್ ಶೀಟಿನಲ್ಲಿ ಬರೆದುಕೊಂಡರು. ಮುಂದಿನ ಸಲ ಆಸ್ಪತ್ರೆಗೆ ಹೋಗುವ ಮುನ್ನ ನಿಮ್ಮ ಮಗುವನ್ನೂ ಕೇಳಿ, ಅದು ಹೇಳಿದ್ದನ್ನು ಡೈರಿಯಲ್ಲಿ ಬರೆದುಕೊಂಡು ಹೋಗಿ.

ಇತಿ,
ಶರವಣಂಪಟ್ಟಿಯ ಒಬ್ಬ ತಾಯಿ